ಹೆಸರಿಗೆ ವಿಳಾಸ ಕೊಡುವವರು ಯಾರು? ಲಿನಕ್ಸ್ ಕಂಪ್ಯೂಟರಿನ ಡಿಎನ್‌ಎಸ್ ಕೈಪಿಡಿ

ಒಂದೇ ಮನೆ, ಒಂದೇ ಸುದ್ದಿತಾಣ. ಮೊಬೈಲ್ ಡೇಟಾದಲ್ಲಿ ತೆರೆಯುತ್ತೆ, ಬ್ರಾಡ್‌ಬ್ಯಾಂಡಿನಲ್ಲಿ 'ಈ ತಾಣ ಸಿಗುತ್ತಿಲ್ಲ' ಅನ್ನುತ್ತೆ. ಆ ತಾಣದ ಸರ್ವರ್ ಕೆಟ್ಟಿದೆಯಾ? ಸರ್ಕಾರ ನಿರ್ಬಂಧಿಸಿದೆಯಾ? ಅಥವಾ ನಿಮ್ಮದೇ ಲ್ಯಾಪ್‌ಟಾಪಿನ ಸೆಟ್ಟಿಂಗ್ ಎಡವಟ್ಟಾಗಿದೆಯಾ? ಇಂಥ ಹೊತ್ತಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಉತ್ತರ ತಕ್ಷಣ ಬರುತ್ತವೆ: 'ಬ್ಲಾಕ್ ಮಾಡಿದ್ದಾರೆ' ಮತ್ತು '8.8.8.8 ಹಾಕಿ, ಸರಿಹೋಗುತ್ತೆ'. ಎರಡೂ ಒಮ್ಮೊಮ್ಮೆ ನಿಜ, ಒಮ್ಮೊಮ್ಮೆ ಬರೀ ಊಹೆ.

ಊಹೆಯಿಂದ ಖಚಿತತೆಗೆ ಹೋಗಬೇಕಂದ್ರೆ ನಿಮ್ಮ ಕಂಪ್ಯೂಟರು ಒಂದು ಹೆಸರಿಗೆ ವಿಳಾಸವನ್ನು ಹೇಗೆ ಹುಡುಕುತ್ತೆ ಅಂತ ತಿಳಿದಿರಬೇಕು. ಯೂನಿಕ್ಸ್ ಸಂತತಿಯ ವ್ಯವಸ್ಥೆಗಳಲ್ಲಿ, ಅಂದರೆ ಉಬುಂಟು, ಫೆಡೋರಾ, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ, ಇದೆಲ್ಲವೂ ತೆರೆದು ಓದಬಹುದಾದ ಸಾದಾ ಪಠ್ಯದ ಕಡತಗಳಲ್ಲಿರುತ್ತೆ. ಅವುಗಳನ್ನು ಓದೋದು, ತಿದ್ದೋದು, ಪರೀಕ್ಷಿಸೋದು ಹೇಗೆ ಅನ್ನೋದು ಈ ಬರಹ. ಬೇಕಾದಾಗ ಮತ್ತೆ ತೆಗೆದು ನೋಡಲಿಕ್ಕೆ ಇಟ್ಟುಕೊಳ್ಳಿ.

ಒಂದು ಸೂಚನೆ: ಕಡತಗಳ ಹೆಸರು, ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ.

ಒಂದು ಕಡತದಿಂದ ಶುರುವಾದ ಕಥೆ

ಇಂಟರ್ನೆಟ್ಟಿನ ಯಂತ್ರಗಳು ಪರಸ್ಪರ ಗುರುತಿಸೋದು ಸಂಖ್ಯೆಗಳಿಂದ. ನಮಗೆ ನೆನಪಿರೋದು ಹೆಸರು. ಇವೆರಡನ್ನು ಜೋಡಿಸುವ ಕೆಲಸ ಅರ್ಪಾನೆಟ್ ಕಾಲದಲ್ಲಿ ಒಂದೇ ಒಂದು ಪಠ್ಯ ಕಡತದಿಂದ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೀನ್ಲರ್ ನೇತೃತ್ವದ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಂದ್ರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಹಾಕಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಇಳಿಸಿಕೊಳ್ಳಬೇಕು.

ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಕುಸಿಯತೊಡಗಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೈನ್ ನೇಮ್ ಸಿಸ್ಟಮ್ ಅನ್ನು, ಅಂದರೆ ಡಿಎನ್‌ಎಸ್ ಅನ್ನು ರೂಪಿಸಿದರು. ಅದರ ತಿರುಳು ಅಧಿಕಾರದ ವಿಕೇಂದ್ರೀಕರಣ: ಇಡೀ ಪಟ್ಟಿ ಯಾರ ಬಳಿಯೂ ಇರೋದಿಲ್ಲ. ಮೇಲಿನವರಿಗೆ ಕೆಳಗಿನವರು ಯಾರು ಅಂತ ಮಾತ್ರ ಗೊತ್ತು. ಮರುವರ್ಷ, 1984ರಲ್ಲಿ, ಬರ್ಕ್ಲಿಯ ನಾಲ್ವರು ವಿದ್ಯಾರ್ಥಿಗಳು ಯೂನಿಕ್ಸ್‌ಗೆ ಬೈಂಡ್ ಎಂಬ ತಂತ್ರಾಂಶ ಬರೆದರು. ಇವತ್ತಿಗೂ ಲಿನಕ್ಸ್‌ನ ಹೆಸರು ಹುಡುಕುವ ಸೆಟ್ಟಿಂಗ್‌ಗಳಲ್ಲಿ ಕಾಣುವ ಪದಗಳು ಆ ಕಾಲದವೇ.

ಪ್ರಶ್ನೆ ಹೋಗುವ ದಾರಿ

ಬ್ರೌಸರಿನಲ್ಲಿ ನೀವು ಎಕ್ಸಾಂಪಲ್.ಕಾಮ್ ಅಂತ ಕೊಟ್ಟಿರಿ ಅಂದುಕೊಳ್ಳಿ. ನಿಮ್ಮ ಯಂತ್ರದಲ್ಲಿರುವುದು ಸಣ್ಣ ವಿಚಾರಣೆಗಾರ, ಅದಕ್ಕೆ ಸ್ಟಬ್ ರಿಸಾಲ್ವರ್ ಅನ್ನುತ್ತಾರೆ. ತಾನು ಹುಡುಕದೆ ಅದು ಪ್ರಶ್ನೆಯನ್ನು ಒಂದು ದೊಡ್ಡ ರಿಸಾಲ್ವರ್‌ಗೆ ದಾಟಿಸುತ್ತೆ. ಏನೂ ಬದಲಿಸದಿದ್ದರೆ ಈ ದೊಡ್ಡ ರಿಸಾಲ್ವರ್ ನಿಮ್ಮ ಇಂಟರ್ನೆಟ್ ಕಂಪನಿಯದ್ದಾಗಿರುತ್ತೆ.

ದೊಡ್ಡ ರಿಸಾಲ್ವರ್ ಮೊದಲು ರೂಟ್ ಸರ್ವರನ್ನು ಕೇಳುತ್ತೆ. ರೂಟ್‌ಗೆ 'ಎ'ಯಿಂದ 'ಎಂ'ವರೆಗೆ 13 ಹೆಸರುಗಳಿವೆ, ಆ ಹೆಸರುಗಳ ಹಿಂದೆ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಯಂತ್ರಗಳಿವೆ. ರೂಟ್ 'ಕಾಮ್‌ನವರನ್ನು ಕೇಳು' ಅನ್ನುತ್ತೆ, ಕಾಮ್‌ನವರು 'ಎಕ್ಸಾಂಪಲ್‌ನ ಸರ್ವರ್ ಇಲ್ಲಿದೆ' ಅನ್ನುತ್ತಾರೆ, ಕೊನೆಗೆ ಆ ಸರ್ವರ್ ಸಂಖ್ಯೆ ಕೊಡುತ್ತೆ. ಉತ್ತರವನ್ನು ದೊಡ್ಡ ರಿಸಾಲ್ವರ್ ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತೆ.

ಗಮನಿಸಿ: ನೀವು ಯಾವ್ಯಾವ ತಾಣಗಳಿಗೆ, ಎಷ್ಟು ಹೊತ್ತಿಗೆ ಹೋಗ್ತೀರಿ ಅನ್ನೋದರ ಪೂರ್ತಿ ಚಿತ್ರ ಸಿಗೋದು ಈ ದೊಡ್ಡ ರಿಸಾಲ್ವರ್‌ಗೆ. ಸುಳ್ಳು ಉತ್ತರ ಕೊಡುವ ಅವಕಾಶ ಇರೋದೂ ಅದಕ್ಕೇ. ಹಾಗಾಗಿ ಯಾರನ್ನು ಕೇಳಬೇಕು ಅನ್ನೋ ಸೆಟ್ಟಿಂಗ್ ಬರೀ ತಾಂತ್ರಿಕ ವಿಷಯವಾಗಿ ಉಳಿಯೋದಿಲ್ಲ.

ಮೂರು ಕಡತಗಳು

/ಇಟಿಸಿ/ಹೋಸ್ಟ್ಸ್. ಆ ಹಳೇ ಅರ್ಪಾನೆಟ್ ಪಟ್ಟಿಯ ಮೊಮ್ಮಗ. ಪ್ರತಿ ಸಾಲಿನಲ್ಲಿ ಮೊದಲು ಸಂಖ್ಯೆ, ಆಮೇಲೆ ಹೆಸರು. ಇಲ್ಲಿ ಬರೆದದ್ದು ನಿಮ್ಮ ಯಂತ್ರಕ್ಕೆ ಮಾತ್ರ ಅನ್ವಯ. ಒಂದು ಜಾಹೀರಾತು ತಾಣದ ಹೆಸರಿನ ಮುಂದೆ 0.0.0.0 ಅಂತ ಬರೆದರೆ ಆ ಹೆಸರು ನಿಮ್ಮ ಪಾಲಿಗೆ ಸತ್ತಂತೆ. ಇದೇ ದಾರಿಯಲ್ಲಿ ವೈರಸ್‌ಗಳು ಆಂಟಿವೈರಸ್ ಕಂಪನಿಗಳ ಹೆಸರನ್ನು ದಾರಿ ತಪ್ಪಿಸಿದ್ದೂ ಉಂಟು. ಆದ್ದರಿಂದ ಒಂದೇ ತಾಣ ವಿಚಿತ್ರವಾಗಿ ವರ್ತಿಸಿದರೆ ಮೊದಲು ಈ ಕಡತ ತೆರೆದು ನೋಡಿ. ಇಲ್ಲಿ ನಕ್ಷತ್ರ ಚಿಹ್ನೆ ಹಾಕಿ 'ಇದರ ಎಲ್ಲ ಉಪ ಹೆಸರುಗಳೂ' ಅನ್ನಲು ಆಗೋದಿಲ್ಲ, ಒಂದೊಂದನ್ನೂ ಬರೆಯಬೇಕು.

/ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್. ಯಾರನ್ನು ಮೊದಲು ಕೇಳಬೇಕು ಅನ್ನೋ ಸರದಿ ಇಲ್ಲಿದೆ. 'ಹೋಸ್ಟ್ಸ್:' ಎಂದು ಶುರುವಾಗುವ ಸಾಲು ಹುಡುಕಿ. ಸರಳ ರೂಪದಲ್ಲಿ ಅಲ್ಲಿ 'ಫೈಲ್ಸ್ ಡಿಎನ್‌ಎಸ್' ಅಂತಿರುತ್ತೆ. ಮೊದಲು ಹೋಸ್ಟ್ಸ್ ಕಡತ, ಅಲ್ಲಿ ಸಿಗದಿದ್ದರೆ ಡಿಎನ್‌ಎಸ್ ಅಂತ ಅರ್ಥ. ಡೆಸ್ಕ್‌ಟಾಪ್ ಲಿನಕ್ಸ್‌ಗಳಲ್ಲಿ ಮಧ್ಯೆ 'ಎಂಡಿಎನ್‌ಎಸ್4_ಮಿನಿಮಲ್' ಎಂಬುದೂ ಇರಬಹುದು. ಮನೆಯ ವೈಫೈನಲ್ಲಿರುವ ಪ್ರಿಂಟರಿನಂಥ, '.ಲೋಕಲ್' ಎಂದು ಕೊನೆಯಾಗುವ ಹೆಸರುಗಳನ್ನು ಹುಡುಕಲಿಕ್ಕೆ ಅದು.

/ಇಟಿಸಿ/ರಿಸಾಲ್ವ್.ಕಾನ್ಫ್. ದೊಡ್ಡ ರಿಸಾಲ್ವರ್‌ನ ವಿಳಾಸ ಇರೋದು ಇಲ್ಲಿ. ಈ ಹೆಸರಿನಲ್ಲಿ 'ರಿಸಾಲ್ವ್' ಪದದ ಕೊನೆಯ 'ಇ' ಅಕ್ಷರ ಇಲ್ಲ. ಅದನ್ನು ಸೇರಿಸಿ ಹೊಸ ಕಡತ ಸೃಷ್ಟಿಸಿ, ಯಾಕೆ ಕೆಲಸ ಮಾಡ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯ ಸಾಲುಗಳು ಮೂರು:

- 'ನೇಮ್‌ಸರ್ವರ್' ಮತ್ತು ಒಂದು ಸಂಖ್ಯೆ. ಹೆಚ್ಚೆಂದರೆ ಇಂಥ 3 ಸಾಲು. ನಾಲ್ಕನೆಯದನ್ನು ಲಿನಕ್ಸ್‌ನ ಸಾಮಾನ್ಯ ಲೈಬ್ರರಿ ಜಿಲಿಬ್‌ಸಿ ಓದೋದೇ ಇಲ್ಲ.
- 'ಸರ್ಚ್' ಮತ್ತು ಒಂದು ಡೊಮೈನ್. ನೀವು ಬರೀ 'ಮೇಲ್' ಅಂತ ಕೊಟ್ಟರೆ ಅದರ ಹಿಂದೆ ಈ ಡೊಮೈನ್ ಅಂಟಿಸಿ ಹುಡುಕುತ್ತೆ. ಕಚೇರಿ, ಕಾಲೇಜಿನ ಜಾಲದಲ್ಲಿ ಉಪಯೋಗಿ.
- 'ಆಪ್ಷನ್ಸ್'. ಇದರಲ್ಲಿ 'ಟೈಮ್‌ಔಟ್' ಹೇಳದಿದ್ದರೆ 5 ಸೆಕೆಂಡು, 'ಅಟೆಂಪ್ಟ್ಸ್' ಹೇಳದಿದ್ದರೆ 2 ಸಲ. ಮೊದಲ ಸರ್ವರ್ ಸತ್ತಿದ್ದರೆ ಪ್ರತಿ ಪುಟವೂ 5 ಸೆಕೆಂಡು ತಿಣುಕಿ ಆಮೇಲೆ ತೆರೆಯೋದು ಇದೇ ಕಾರಣಕ್ಕೆ. 'ಆಪ್ಷನ್ಸ್ ಟೈಮ್‌ಔಟ್:2' ಅಂತ ಬರೆದರೆ ಕಾಯುವುದು ಕಡಿಮೆಯಾಗುತ್ತೆ.

ಬಹಳ ಜನ ತಪ್ಪಾಗಿ ತಿಳಿದಿರುವ ಒಂದು ವಿಷಯ ಇಲ್ಲಿದೆ. ಎರಡನೇ ನೇಮ್‌ಸರ್ವರ್ ಎರಡನೇ ಅಭಿಪ್ರಾಯ ಅಲ್ಲ. ಮೊದಲನೆಯದು 'ಅಂಥ ಹೆಸರೇ ಇಲ್ಲ' ಅಂದರೆ ಕಥೆ ಮುಗೀತು, ಎರಡನೆಯದನ್ನು ಯಾರೂ ಕೇಳೋದಿಲ್ಲ. ಮೊದಲನೆಯದರಿಂದ ಉತ್ತರ ಬಾರದಿದ್ದಾಗ ಅಥವಾ ಅದು ತನ್ನಿಂದಾಗದು ಅಂತ ಕೈಚೆಲ್ಲಿದಾಗ ಮಾತ್ರ ಎರಡನೆಯದರ ಸರದಿ. ಹಾಗಾಗಿ ಇಂಟರ್ನೆಟ್ ಕಂಪನಿಯ ಸರ್ವರನ್ನು ಮೊದಲಿಟ್ಟು, 'ಸೇಫ್ಟಿಗೆ ಇರಲಿ' ಅಂತ ಕೆಳಗೆ 9.9.9.9 ಹಾಕಿದರೆ ನಿರ್ಬಂಧದ ವಿಷಯದಲ್ಲಿ ಏನೂ ಬದಲಾಗೋದಿಲ್ಲ. ಉಲ್ಟಾ ಹಾಕಿದರೂ, ಮೊದಲನೆಯದು ತಡವರಿಸಿದಾಗೆಲ್ಲ ನಿಮ್ಮ ಪ್ರಶ್ನೆ ಕಂಪನಿಗೆ ಹೋಗುತ್ತೆ. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಲೈಬ್ರರಿಯಂತೂ ಎಲ್ಲ ಸರ್ವರ್‌ಗಳಿಗೂ ಒಟ್ಟಿಗೇ ಪ್ರಶ್ನೆ ಕಳಿಸಿ, ಮೊದಲು ಬಂದ ಉತ್ತರ ತಗೊಳ್ಳುತ್ತೆ. ಪಟ್ಟಿಯಲ್ಲಿ ನಿಮಗೆ ನಂಬಿಕೆ ಇಲ್ಲದವರ ಹೆಸರು ಇರಲೇಬಾರದು.

ತಿದ್ದಿದ್ದು ಯಾಕೆ ಉಳಿಯಲ್ಲ?

ರಿಸಾಲ್ವ್.ಕಾನ್ಫ್ ತಿದ್ದಿದ್ದಾಯ್ತು, ತಾಣ ತೆರೆಯಿತು, ಖುಷಿಯಾಯ್ತು. ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ. ಇದಕ್ಕೆ ಕಾರಣ, ಈಗಿನ ಲಿನಕ್ಸ್‌ಗಳಲ್ಲಿ ಆ ಕಡತ ಬಹುತೇಕ ಬರೀ ಬೋರ್ಡು, ಅದನ್ನು ಬರೆಯುವವರು ಬೇರೆಯವರು. ವೈಫೈಗೆ ಸೇರಿದಾಗ ನಿಮ್ಮ ರೂಟರ್ ಡಿಎಚ್‌ಸಿಪಿ ಮೂಲಕ 'ಇದು ನಿನ್ನ ವಿಳಾಸ, ಇದು ನಿನ್ನ ಡಿಎನ್‌ಎಸ್' ಅಂತ ಹೇಳುತ್ತೆ. ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಒಪ್ಪಿಕೊಂಡು ಕಡತವನ್ನು ಹೊಸದಾಗಿ ಬರೆಯುತ್ತೆ.

ಉಬುಂಟುವಿನಲ್ಲಿ, 2020ರ ಫೆಡೋರಾ 33ರಿಂದ ಈಚೆಗೆ ಫೆಡೋರಾದಲ್ಲೂ, ಮಧ್ಯೆ ಇನ್ನೊಬ್ಬರಿದ್ದಾರೆ: ಸಿಸ್ಟಂಡಿ-ರಿಸಾಲ್ವ್‌ಡ್. ಅಲ್ಲಿ ರಿಸಾಲ್ವ್.ಕಾನ್ಫ್ ತೆರೆದರೆ '127.0.0.53' ಅಂತ ಕಾಣುತ್ತೆ. ಅದು ಹೊರಗಿನ ಸರ್ವರ್ ಅಲ್ಲ, ನಿಮ್ಮದೇ ಯಂತ್ರದೊಳಗೆ ಕೂತ ಮಧ್ಯವರ್ತಿ. ನಿಜವಾಗಿ ಯಾರನ್ನು ಕೇಳಲಾಗ್ತಿದೆ ಅಂತ ತಿಳಿಯಲು ಟರ್ಮಿನಲ್ಲಿನಲ್ಲಿ 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಕೊಡಿ. ಈ ಆಜ್ಞೆಯಲ್ಲಿ ರಿಸಾಲ್ವ್ ಪದಕ್ಕೆ ಕೊನೆಯ 'ಇ' ಇದೆ, ಮರೆಯಬೇಡಿ. ವೈಫೈ, ಕೇಬಲ್, ವಿಪಿಎನ್ ಪ್ರತಿಯೊಂದಕ್ಕೂ ಯಾವ ಡಿಎನ್‌ಎಸ್ ಅಂತ ಬೇರೆಬೇರೆಯಾಗಿ ತೋರಿಸುತ್ತೆ.

'ಚಾಟ್ಟರ್ +ಐ' ಆಜ್ಞೆ ಕೊಟ್ಟು ಕಡತಕ್ಕೆ ಬೀಗ ಹಾಕಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಅದು ಸುಲಭ, ಆದರೆ ವಿಪಿಎನ್ ಹಾಕಿದ ದಿನ ಅದೇ ಬೀಗ ನಿಮಗೇ ಅಡ್ಡ ನಿಲ್ಲುತ್ತೆ. ಬರೆಯುವವರಿಗೇ ಏನು ಬರೆಯಬೇಕು ಅಂತ ಹೇಳೋದು ಸರಿಯಾದ ದಾರಿ.

ಬದಲಿಸುವ ಎರಡು ದಾರಿ

ಒಂದು, ನೆಟ್‌ವರ್ಕ್‌ಮ್ಯಾನೇಜರ್ ಮೂಲಕ. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ. ಐಪಿವಿ4 ವಿಭಾಗದಲ್ಲಿ ಡಿಎನ್‌ಎಸ್ 'ಆಟೋಮ್ಯಾಟಿಕ್' ಆಫ್ ಮಾಡಿ, ನಿಮಗೆ ಬೇಕಾದ ಸಂಖ್ಯೆ ಬರೆಯಿರಿ. ಐಪಿವಿ6 ವಿಭಾಗದಲ್ಲೂ ಹಾಗೇ ಮಾಡಿ. ಬಹಳಷ್ಟು ಜನ ಇದನ್ನು ಬಿಟ್ಟುಬಿಡುತ್ತಾರೆ, ಪ್ರಶ್ನೆಗಳು ಆ ಬಾಗಿಲಿನಿಂದ ಹಳೇ ಸರ್ವರ್‌ಗೇ ಹೋಗ್ತಿರುತ್ತವೆ. ಸಂಪರ್ಕ ಕಡಿದು ಮತ್ತೆ ಸೇರಿಸಿ. ಟರ್ಮಿನಲ್ ಇಷ್ಟಪಡುವವರಿಗೆ: 'ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ', ನಂತರ ಸಂಪರ್ಕದ ಹೆಸರು, ನಂತರ 'ಐಪಿವಿ4.ಡಿಎನ್‌ಎಸ್ 9.9.9.9 ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಎಸ್'. ಕೊನೆಯ 'ಎಸ್' ಅಂದರೆ ಹೌದು ಎಂಬ ಇಂಗ್ಲಿಷ್ ಪದ. ಆ ಕೊನೆಯ ಭಾಗವೇ ರೂಟರಿನ ಮಾತು ಕೇಳಬೇಡ ಅಂತ ಹೇಳೋದು.

ಈ ದಾರಿಯಲ್ಲಿ ಒಂದು ಕೊರತೆ ಇದೆ. ಪ್ರಶ್ನೆ ಇನ್ನೂ 53ನೇ ಪೋರ್ಟಿನಲ್ಲಿ, ಪೋಸ್ಟ್‌ಕಾರ್ಡಿನ ಹಾಗೆ ತೆರೆದೇ ಹೋಗುತ್ತೆ. ದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಎರಡು, ಗೂಢಲಿಪಿಯ ಮೂಲಕ. ಪೋಸ್ಟ್‌ಕಾರ್ಡನ್ನು ಲಕೋಟೆಗೆ ಹಾಕುವ ಎರಡು ಪದ್ಧತಿಗಳಿವೆ. ಡಿಎನ್‌ಎಸ್ ಓವರ್ ಟಿಎಲ್‌ಎಸ್, 2016ರಲ್ಲಿ ಮಾನಕವಾದದ್ದು, 853ನೇ ಪೋರ್ಟಿನಲ್ಲಿ ಓಡುತ್ತೆ. ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್, 2018ರದ್ದು, ಉಳಿದೆಲ್ಲ ವೆಬ್ ಸಂಚಾರದ ಜೊತೆ 443ರಲ್ಲೇ ಹೋಗುತ್ತೆ. ಮೊದಲನೆಯದನ್ನು ಪೋರ್ಟ್ ಮುಚ್ಚಿ ತಡೆಯೋದು ಸುಲಭ, ಎರಡನೆಯದನ್ನು ಬೇರ್ಪಡಿಸಿ ತಡೆಯೋದು ಕಷ್ಟ.

ಸಿಸ್ಟಂಡಿ-ರಿಸಾಲ್ವ್‌ಡ್ ಇರುವ ಯಂತ್ರದಲ್ಲಿ /ಇಟಿಸಿ/ಸಿಸ್ಟಂಡಿ/ರಿಸಾಲ್ವ್‌ಡ್.ಕಾನ್ಫ್ ಕಡತ ತೆರೆದು, 'ರಿಸಾಲ್ವ್' ಎಂಬ ಚೌಕ ಆವರಣದ ತಲೆಬರಹದ ಕೆಳಗೆ ಈ ಮೂರು ಸಾಲು ಬರೆಯಿರಿ:

ಡಿಎನ್‌ಎಸ್=9.9.9.9#ಡಿಎನ್‌ಎಸ್.ಕ್ವಾಡ್9.ನೆಟ್
ಡಿಎನ್‌ಎಸ್‌ಓವರ್‌ಟಿಎಲ್‌ಎಸ್=ಎಸ್
ಡೊಮೈನ್ಸ್=~.

ಇಲ್ಲಿ ಸಮಚಿಹ್ನೆಯ ಎಡಗಡೆಯ ಪದಗಳಲ್ಲಿ ಡಿಎನ್‌ಎಸ್ ಮತ್ತು ಟಿಎಲ್‌ಎಸ್ ಪೂರ್ತಿ ದೊಡ್ಡಕ್ಷರ, ಓವರ್ ಮತ್ತು ಡೊಮೈನ್ಸ್ ಪದಗಳ ಮೊದಲಕ್ಷರ ದೊಡ್ಡದು. ಬಲಗಡೆಯದ್ದೆಲ್ಲ ಸಣ್ಣಕ್ಷರ. ಮೊದಲ ಸಾಲಿನ '#' ನಂತರದ ಹೆಸರು, ಎದುರಿಗಿರೋದು ನಿಜಕ್ಕೂ ಅವರೇನಾ ಅಂತ ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಳ್ಳಲು. ಮೂರನೇ ಸಾಲು ಎಲ್ಲ ಹೆಸರುಗಳಿಗೂ ಈ ಸರ್ವರಿಗೇ ಆದ್ಯತೆ ಕೊಡು ಅನ್ನುತ್ತೆ. ಕಡತ ಉಳಿಸಿ, 'ಸುಡೊ ಸಿಸ್ಟಂಸಿಟಿಎಲ್ ರಿಸ್ಟಾರ್ಟ್ ಸಿಸ್ಟಂಡಿ-ರಿಸಾಲ್ವ್‌ಡ್' ಕೊಟ್ಟು, ಮತ್ತೆ ಸ್ಟೇಟಸ್ ನೋಡಿ.

ರೈಲ್ವೆ ನಿಲ್ದಾಣ, ಹೋಟೆಲಿನ ವೈಫೈಗಳು ಮೊದಲು ಲಾಗಿನ್ ಪುಟಕ್ಕೆ ಎಳೆಯೋದು ಎಷ್ಟೋ ಸಲ ಡಿಎನ್‌ಎಸ್ ತಿರುಚಿ. 'ಎಸ್' ಅಂತ ಬಿಗಿಯಾಗಿ ಹಾಕಿದ್ದರೆ ಆ ಪುಟ ತೆರೆಯದೆ ಇರಬಹುದು. ಆಗ ತಾತ್ಕಾಲಿಕವಾಗಿ 'ಆಪರ್ಚುನಿಸ್ಟಿಕ್' ಅಂತ ಬದಲಿಸಿಕೊಳ್ಳಿ. ಆದರೆ ಈ ಸ್ಥಿತಿಯಲ್ಲಿ ಯಾರಾದರೂ 853ನೇ ಪೋರ್ಟ್ ಮುಚ್ಚಿದರೆ ನಿಮ್ಮ ಯಂತ್ರ ಸದ್ದಿಲ್ಲದೆ ಪೋಸ್ಟ್‌ಕಾರ್ಡಿಗೆ ಮರಳುತ್ತೆ.

ಇನ್ನೊಂದು ಮಾತು. ಫೈರ್‌ಫಾಕ್ಸ್, ಕ್ರೋಮ್‌ಗಳಿಗೆ ಅವುಗಳದ್ದೇ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಸೆಟ್ಟಿಂಗ್ ಇದೆ. ಅದು ಆನ್ ಆಗಿದ್ದರೆ ಬ್ರೌಸರ್ ಒಂದು ದಾರಿ, ಉಳಿದ ಕಂಪ್ಯೂಟರ್ ಇನ್ನೊಂದು ದಾರಿ ಹಿಡಿಯುತ್ತೆ. 'ಟರ್ಮಿನಲ್ಲಿನಲ್ಲಿ ಸಿಗಲ್ಲ, ಬ್ರೌಸರಿನಲ್ಲಿ ಸಿಗುತ್ತೆ' ಅನ್ನೋ ಗೊಂದಲಕ್ಕೆ ಇದೇ ಸಾಮಾನ್ಯ ಕಾರಣ.

ತೊಂದರೆ ಎಲ್ಲಿದೆ? ಐದು ಹೆಜ್ಜೆ

1. 'ಗೆಟ್‌ಎಂಟ್ ಹೋಸ್ಟ್ಸ್ ಎಕ್ಸಾಂಪಲ್.ಕಾಮ್' ಕೊಡಿ. ಇದು ಎನ್‌ಎಸ್‌ಸ್ವಿಚ್ ಹೇಳಿದ ಸರದಿಯಲ್ಲೇ ಹೋಗುತ್ತೆ, ಅಂದರೆ ಸಾಮಾನ್ಯ ಪ್ರೋಗ್ರಾಮಿಗೆ ಏನು ಉತ್ತರ ಸಿಗುತ್ತೋ ಅದು.

2. 'ಡಿಗ್ ಎಕ್ಸಾಂಪಲ್.ಕಾಮ್' ಕೊಡಿ. ಡಿಗ್ ಹೋಸ್ಟ್ಸ್ ಕಡತವನ್ನು ತಾನು ನೋಡದೆ ನೇರ ಡಿಎನ್‌ಎಸ್ ಕೇಳುತ್ತೆ. ಎರಡರ ಉತ್ತರ ಬೇರೆಯಾಗಿದ್ದರೆ ಮೊದಲ ಅನುಮಾನ ನಿಮ್ಮ ಯಂತ್ರದ ಮೇಲೇ ಇರಲಿ. ಡಿಗ್ ಉತ್ತರದಲ್ಲಿ 'ಸ್ಟೇಟಸ್' ಅನ್ನೋ ಪದದ ಮುಂದೆ ನೋಡಿ. ನೋಎರರ್ ಅಂದರೆ ಪ್ರಶ್ನೆಗೆ ಉತ್ತರ ಸರಿಯಾಗಿ ಬಂತು. ಎನ್‌ಎಕ್ಸ್‌ಡೊಮೈನ್ ಅಂದರೆ ಅಂಥ ಹೆಸರಿಲ್ಲ. ಸರ್ವ್‌ಫೇಲ್ ಅಂದರೆ ರಿಸಾಲ್ವರ್‌ಗೇ ಉತ್ತರ ತರಲಾಗಲಿಲ್ಲ, ಅಥವಾ ಬಂದ ಉತ್ತರದ ಡಿಜಿಟಲ್ ಸಹಿ ತಾಳೆಯಾಗಲಿಲ್ಲ.

3. 'ಡಿಗ್ @9.9.9.9 ಎಕ್ಸಾಂಪಲ್.ಕಾಮ್' ಅಂತ ಬೇರೆಯವರನ್ನು ಕೇಳಿ. ಸಂಖ್ಯೆಗಳು ಬೇರೆ ಬಂದ ಮಾತ್ರಕ್ಕೆ ನಿರ್ಬಂಧ ಅಂತಲ್ಲ. ದೊಡ್ಡ ತಾಣಗಳು ಊರಿಗೊಂದು ಸರ್ವರ್ ಇಟ್ಟುಕೊಂಡು ಊರಿಗೊಂದು ವಿಳಾಸ ಕೊಡುತ್ತವೆ. ಒಂದು ಕಡೆ ಎನ್‌ಎಕ್ಸ್‌ಡೊಮೈನ್, ಇನ್ನೊಂದು ಕಡೆ ಸರಿಯಾದ ವಿಳಾಸ ಬಂದರೆ, ಅಥವಾ ಬಂದ ವಿಳಾಸ ನಿಮ್ಮ ಇಂಟರ್ನೆಟ್ ಕಂಪನಿಯದ್ದೇ ಆಗಿದ್ದರೆ, ಅನುಮಾನಕ್ಕೆ ಆಧಾರ ಇದೆ.

4. 'ಡಿಗ್ @192.0.2.1 ಎಕ್ಸಾಂಪಲ್.ಕಾಮ್' ಕೊಡಿ. ಈ ಸಂಖ್ಯೆ ಪುಸ್ತಕಗಳಲ್ಲಿ ಉದಾಹರಣೆ ಕೊಡಲಿಕ್ಕೆಂದೇ ಮೀಸಲಿಟ್ಟದ್ದು. ಅಲ್ಲಿ ಯಾವ ಡಿಎನ್‌ಎಸ್ ಸರ್ವರೂ ಇಲ್ಲ. ಟೈಮ್‌ಔಟ್ ಆಗಬೇಕು. ಉತ್ತರ ಬಂದರೆ ದಾರಿಯಲ್ಲಿ ಯಾರೋ ಎಲ್ಲ ಡಿಎನ್‌ಎಸ್ ಪ್ರಶ್ನೆಗಳನ್ನೂ ಹಿಡಿದು ತಾವೇ ಉತ್ತರ ಕೊಡ್ತಿದ್ದಾರೆ ಅಂತ ಅರ್ಥ. ಆಗ ಮೂರನೇ ಹೆಜ್ಜೆಯ ಫಲಿತಾಂಶವನ್ನೂ ನಂಬುವ ಹಾಗಿಲ್ಲ. ಹೊಸ ಆವೃತ್ತಿಯ ಡಿಗ್‌ನಲ್ಲಿ '+ಟಿಎಲ್‌ಎಸ್' ಸೇರಿಸಿ ಲಕೋಟೆಯೊಳಗೆ ಕೇಳಿ ನೋಡಿ. ಇಲ್ಲಿ ಟಿಎಲ್‌ಎಸ್ ಸಣ್ಣಕ್ಷರ.

5. ಬದಲಿಸಿದ ಮೇಲೂ ಹಳೇ ಉತ್ತರವೇ ಬಂದರೆ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್' ಕೊಟ್ಟು ನೆನಪು ಅಳಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ.

ಕನ್ನಡದಲ್ಲಿ ಬರೆದ ವಿಳಾಸಗಳೂ ಇವೆ. ದೇಶದ ಡೊಮೈನಿಗೆ '.ಭಾರತ' ಎಂಬ ಕನ್ನಡ ಲಿಪಿಯ ರೂಪ ಅಧಿಕೃತವಾಗಿ ಇದೆ. ಆದರೆ ಕನ್ನಡ ಹೆಸರು ಡಿಎನ್‌ಎಸ್ ಮೂಲಕ ಹೋಗುವಾಗ ಕನ್ನಡ ಅಕ್ಷರದಲ್ಲಿ ಹೋಗೋದಿಲ್ಲ. ಪ್ಯೂನಿಕೋಡ್ ಎಂಬ ಪದ್ಧತಿಯಲ್ಲಿ 'ಎಕ್ಸ್‌ಎನ್--' ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತೆ. ಹೋಸ್ಟ್ಸ್ ಕಡತದಲ್ಲಿ ಬರೆಯುವಾಗ ಆ ಬದಲಾದ ರೂಪವನ್ನೇ ಬರೆಯಬೇಕು.

ನಮ್ಮಲ್ಲಿ ತಡೆಯೋದು ಹೇಗೆ?

ಭಾರತದಲ್ಲಿ ತಾಣಗಳನ್ನು ನಿರ್ಬಂಧಿಸುವ ಮುಖ್ಯ ಅಧಿಕಾರ ಬರೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಿಂದ. ಅದರಡಿ 2009ರ ನಿಯಮಗಳಿವೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಕಲಮನ್ನು ರದ್ದು ಮಾಡಿತು, 69ಎ ಕಲಮನ್ನು ಮಾತ್ರ ಎತ್ತಿಹಿಡಿಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಆದೇಶಕ್ಕೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ಹಾಗಾಗಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಅನ್ನೋದು. ಆದರೆ ಅದೇ ನಿಯಮಗಳ 16ನೇ ನಿಯಮ ದೂರು ಮತ್ತು ಕ್ರಮಗಳು ಗೋಪ್ಯವಾಗಿರಬೇಕು ಅನ್ನುತ್ತೆ. ಪ್ರಶ್ನಿಸುವ ಹಕ್ಕಿದೆ, ಪ್ರಶ್ನಿಸಬೇಕಾದ ಆದೇಶ ಕಣ್ಣಿಗೆ ಬೀಳೋದಿಲ್ಲ. ಈ ಕತ್ತಲಲ್ಲಿ, ಸಾಮಾನ್ಯ ಓದುಗರಿಗೆ ನಿರ್ಬಂಧದ ಕುರುಹು ಸಿಗೋದು ಅವರದೇ ಯಂತ್ರದ ಡಿಎನ್‌ಎಸ್ ಉತ್ತರದಲ್ಲಿ.

ಆದೇಶ ಒಂದೇ ಆದರೂ ಜಾರಿ ಒಂದೇ ಥರ ಇಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಬೇರೆಬೇರೆ ಇಂಟರ್ನೆಟ್ ಕಂಪನಿಗಳು ಬೇರೆಬೇರೆ ಪಟ್ಟಿಗಳನ್ನು, ಬೇರೆಬೇರೆ ತಂತ್ರಗಳಿಂದ ತಡೆಯುತ್ತಿವೆ ಅಂತ ತೋರಿಸಿತು. ಕೆಲವರು ಡಿಎನ್‌ಎಸ್ ಉತ್ತರವನ್ನೇ ತಿರುಚುತ್ತಾರೆ. ಕೆಲವರು ಸಂಪರ್ಕ ಶುರುವಾಗುವಾಗ ಬ್ರೌಸರ್ ತೆರೆದ ರೂಪದಲ್ಲಿ ಕಳಿಸುವ ತಾಣದ ಹೆಸರನ್ನು, ಅಂದರೆ ಎಸ್‌ಎನ್‌ಐ ಅನ್ನು ಓದಿ ಕಡಿಯುತ್ತಾರೆ. ರಿಲಯನ್ಸ್ ಜಿಯೋ ಈ ಎಸ್‌ಎನ್‌ಐ ಪದ್ಧತಿ ಬಳಸುತ್ತಿರುವುದನ್ನು ಇದೇ ಸಂಸ್ಥೆಯವರು 2019ರಲ್ಲೇ ದಾಖಲಿಸಿದ್ದರು. ಡಿಎನ್‌ಎಸ್ ಬದಲಿಸಿದರೆ ಒಬ್ಬರ ಜಾಲದಲ್ಲಿ ತಾಣ ತೆರೆದು ಇನ್ನೊಬ್ಬರ ಜಾಲದಲ್ಲಿ ತೆರೆಯದೆ ಇರೋದು ಈ ಕಾರಣಕ್ಕೆ.

ನಿರ್ಬಂಧದ ಬಲೆಗೆ ಬೀಳೋದು ಗುರಿಯಿಟ್ಟವರು ಮಾತ್ರ ಅಲ್ಲ. 2012ರ ಮೇನಲ್ಲಿ ಸಿನಿಮಾ ಹಕ್ಕುಸ್ವಾಮ್ಯದ ಕುರಿತ ಮದ್ರಾಸ್ ಹೈಕೋರ್ಟಿನ ಆದೇಶ ಹಿಡಿದುಕೊಂಡು ಕಂಪನಿಗಳು ವಿಮಿಯೋದಂಥ ಇಡೀ ತಾಣವನ್ನೇ ಮುಚ್ಚಿದವು. ನಿರ್ದಿಷ್ಟ ಕೊಂಡಿಗಳನ್ನು ಮಾತ್ರ ತಡೆಯಬೇಕು ಅಂತ ಕೋರ್ಟೇ ಮುಂದಿನ ತಿಂಗಳು ಸ್ಪಷ್ಟಪಡಿಸಬೇಕಾಯಿತು. 2014ರ ಡಿಸೆಂಬರಿನಲ್ಲಿ ತಡೆಯಲಾದ 32 ವಿಳಾಸಗಳ ಪಟ್ಟಿಯಲ್ಲಿ ಪ್ರೋಗ್ರಾಮರುಗಳು ದಿನಾ ಬಳಸುವ ಗಿಟ್‌ಹಬ್ ಕೂಡ ಇತ್ತು. ಡಿಎನ್‌ಎಸ್ ಮೂಲಕ ತಡೆಯೋದು ಅಂದ್ರೆ ಒಂದು ಪುಟಕ್ಕೋಸ್ಕರ ಇಡೀ ಗ್ರಂಥಾಲಯಕ್ಕೆ ಬೀಗ. ಡಿಎನ್‌ಎಸ್‌ಗೆ ತಾಣದ ಹೆಸರು ಗೊತ್ತು, ಪುಟದ ಹೆಸರು ಗೊತ್ತೇ ಇಲ್ಲ.

ಹಾಗಾದರೆ ಯಾರನ್ನು ನಂಬೋದು?

2014ರ ಮಾರ್ಚ್ 20ರಂದು, ಸ್ಥಳೀಯ ಚುನಾವಣೆಗೆ ಹತ್ತು ದಿನ ಇರುವಾಗ, ಟರ್ಕಿ ಸರ್ಕಾರ ಟ್ವಿಟರನ್ನು ಡಿಎನ್‌ಎಸ್ ಮೂಲಕ ತಡೆಯಿತು. ಇಸ್ತಾಂಬುಲ್‌ನ ಗೋಡೆಗಳ ಮೇಲೆ ಜನ 8.8.8.8 ಅಂತ ಬಣ್ಣದಲ್ಲಿ ಬರೆದರು. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸಂಖ್ಯೆ ಅಲ್ಲಿ ರಾಜಕೀಯ ಗೋಡೆಬರಹವಾಯ್ತು. ಆದರೆ ಕೆಲವೇ ದಿನಗಳಲ್ಲಿ ಅಲ್ಲಿನ ಇಂಟರ್ನೆಟ್ ಕಂಪನಿಗಳು ಆ ಸಂಖ್ಯೆಗೆ ಹೋಗುವ ದಾರಿಯನ್ನೇ ತಿರುಗಿಸಿ, ಗೂಗಲ್‌ನ ವೇಷದಲ್ಲಿ ತಾವೇ ಉತ್ತರ ಕೊಡತೊಡಗಿದವು. ದಾರಿ ಕೊಡಬೇಕಾದವರೇ ದಾರಿ ತಪ್ಪಿಸಿದ್ದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಟ್ವಿಟರ್ ಮೇಲಿನ ತಡೆ ತೆರವಾದದ್ದು ಸಂವಿಧಾನ ನ್ಯಾಯಾಲಯ ಏಪ್ರಿಲ್ 2ರಂದು ತೀರ್ಪು ಕೊಟ್ಟ ಮೇಲೆ. ಸಂಖ್ಯೆ ಬದಲಿಸಿದ್ದರಿಂದ ಜನರಿಗೆ ಕೆಲವು ದಿನ ಸಿಕ್ಕವು, ಹಕ್ಕು ಸಿಕ್ಕಿದ್ದು ಕೋರ್ಟಿನಲ್ಲಿ.

ಸಾರ್ವಜನಿಕ ರಿಸಾಲ್ವರ್‌ಗಳೂ ಆಕಾಶದಲ್ಲಿಲ್ಲ. 8.8.8.8 ಗೂಗಲ್‌ನದ್ದು, 2009ರಿಂದ ಇದೆ. 1.1.1.1 ಕ್ಲೌಡ್‌ಫ್ಲೇರ್‌ನದ್ದು, 2018ರಿಂದ. ಎರಡೂ ಅಮೆರಿಕದ ಕಂಪನಿಗಳು. 9.9.9.9 ಕ್ವಾಡ್9 ಎಂಬ ಲಾಭೇತರ ಸಂಸ್ಥೆಯದ್ದು, ಈಗ ಸ್ವಿಟ್ಜರ್ಲೆಂಡಿನಲ್ಲಿದೆ. ದುರುದ್ದೇಶದ ತಾಣಗಳನ್ನು ಅದು ತಾನೇ ತಡೆಯುತ್ತೆ, ಆ ಸೋಸುವಿಕೆ ಬೇಡವೆಂದರೆ 9.9.9.10 ಇದೆ. 2021ರಲ್ಲಿ ಸೋನಿ ಮ್ಯೂಸಿಕ್ ಜರ್ಮನಿಯ ಕೋರ್ಟಿನಿಂದ ಕ್ವಾಡ್9 ವಿರುದ್ಧ ತಡೆ ಆದೇಶ ತಂದಿತು, 2023ರ ಡಿಸೆಂಬರಿನಲ್ಲಿ ಡ್ರೆಸ್ಡನ್‌ನ ಮೇಲಿನ ಕೋರ್ಟು ಕ್ವಾಡ್9 ಪರ ತೀರ್ಪು ಕೊಟ್ಟಿತು. 2024ರಲ್ಲಿ ಪ್ಯಾರಿಸ್‌ನ ಕೋರ್ಟು ಕ್ರೀಡಾ ಪ್ರಸಾರದ ಹಕ್ಕಿನ ವಿಷಯದಲ್ಲಿ ಗೂಗಲ್, ಕ್ಲೌಡ್‌ಫ್ಲೇರ್, ಸಿಸ್ಕೋಗಳ ಡಿಎನ್‌ಎಸ್‌ಗೇ ತಡೆ ಹಾಕಲು ಹೇಳಿತು. ಸಿಸ್ಕೋ ತನ್ನ ಓಪನ್‌ಡಿಎನ್‌ಎಸ್ ಸೇವೆಯನ್ನು ಫ್ರಾನ್ಸಿನಿಂದ ತೆಗೆದುಬಿಟ್ಟಿತು. ಅಂದರೆ ನೀವು ಡಿಎನ್‌ಎಸ್ ಬದಲಿಸಿದಾಗ ನಂಬಿಕೆಯ ಭಾರ ಇಳಿಯೋದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತೆ.

ಯಾರನ್ನೂ ಅಷ್ಟಾಗಿ ನಂಬದವರಿಗೆ ಮೂರನೇ ದಾರಿ ಇದೆ: ದೊಡ್ಡ ರಿಸಾಲ್ವರನ್ನು ನಿಮ್ಮ ಯಂತ್ರದಲ್ಲೇ ನಡೆಸೋದು. ಅನ್‌ಬೌಂಡ್ ಎಂಬ ಮುಕ್ತ ತಂತ್ರಾಂಶ ಡೆಬಿಯನ್, ಉಬುಂಟುಗಳಲ್ಲಿ ಒಂದೇ ಆಜ್ಞೆಗೆ ಸಿಗುತ್ತೆ. ಅದು ರೂಟ್‌ನಿಂದ ಶುರುಮಾಡಿ ತಾನೇ ಕೇಳುತ್ತಾ ಹೋಗುತ್ತೆ, ಪ್ರತಿಯೊಬ್ಬರಿಗೂ ಅವರಿಗೆ ಬೇಕಾದಷ್ಟೇ ಹೆಸರಿನ ತುಂಡನ್ನು ಹೇಳುತ್ತೆ, ಡಿಎನ್‌ಎಸ್‌ಸೆಕ್ ಎಂಬ ಡಿಜಿಟಲ್ ಸಹಿಯನ್ನು ಪರಿಶೀಲಿಸುತ್ತೆ. ನಿಮ್ಮ ಪೂರ್ತಿ ಚಿತ್ರ ಯಾವ ಒಬ್ಬ ದೊಡ್ಡ ರಿಸಾಲ್ವರ್ ಬಳಿಯೂ ಸೇರೋದಿಲ್ಲ. ಬೆಲೆಯೂ ಇದೆ: ಈ ಪ್ರಶ್ನೆಗಳು ಸಾಮಾನ್ಯವಾಗಿ ಪೋಸ್ಟ್‌ಕಾರ್ಡಿನಲ್ಲೇ ಹೋಗುತ್ತವೆ, ಇಂಟರ್ನೆಟ್ ಕಂಪನಿ ಓದಬಹುದು. ತಿರುಚಿದರೆ ಸಹಿ ಇರುವ ಹೆಸರುಗಳಲ್ಲಿ ಅದು ಪತ್ತೆಯಾಗುತ್ತೆ, ಆದರೆ ಸರಿಯಾದ ಉತ್ತರ ಸಿಗುತ್ತೆ ಅಂತಲ್ಲ.

ಡಿಎನ್‌ಎಸ್ ಮಾಡಲಾಗದ ಕೆಲಸಗಳು

ಲಕೋಟೆಯೊಳಗಿನ ಡಿಎನ್‌ಎಸ್ ನಿಮ್ಮನ್ನು ಅದೃಶ್ಯ ಮಾಡೋದಿಲ್ಲ. ನೀವು ಯಾವ ಸಂಖ್ಯೆಗೆ ಸಂಪರ್ಕ ಮಾಡಿದಿರಿ ಅನ್ನೋದು ಕಂಪನಿಗೆ ಕಾಣುತ್ತೆ, ಹೆಚ್ಚಿನ ತಾಣಗಳಲ್ಲಿ ಎಸ್‌ಎನ್‌ಐ ಮೂಲಕ ಹೆಸರೂ ಕಾಣುತ್ತೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೇವಾ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಪ್ರತಿಭಟನೆಯ ಸುದ್ದಿ ಮೂಲಗಳನ್ನು ಕಾಪಾಡಬೇಕಾದ ವರದಿಗಾರರಿಗೆ ಬರೀ ಡಿಎನ್‌ಎಸ್ ಸಾಲದು.

ಎಕ್ಸ್ ಅಥವಾ ಯೂಟ್ಯೂಬ್ ತಾನೇ ಒಂದು ಖಾತೆಯನ್ನು ಭಾರತದಲ್ಲಿ ಕಾಣದಂತೆ ಮಾಡಿದರೆ ಡಿಎನ್‌ಎಸ್ ಬದಲಿಸಿ ಪ್ರಯೋಜನ ಇಲ್ಲ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದ ಎಕ್ಸ್ ಕಂಪನಿಯ ಅರ್ಜಿ ಇಂಥ ಆದೇಶಗಳ ಬಗ್ಗೆಯೇ ಆಗಿತ್ತು. ಇನ್ನು ಜಿಲ್ಲೆಗೆ ಜಿಲ್ಲೆಯೇ ಇಂಟರ್ನೆಟ್ ಸ್ಥಗಿತವಾದರೆ ಕೇಳಲಿಕ್ಕೆ ದಾರಿಯೇ ಇರೋದಿಲ್ಲ. ಅಲ್ಲಿ ಹಿಡಿಯಬೇಕಾದದ್ದು 2020ರ ಜನವರಿ 10ರ ಅನುರಾಧಾ ಭಸೀನ್ ತೀರ್ಪನ್ನು. ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ.

ಆದರೂ ಡಿಎನ್‌ಎಸ್ ತಿಳಿದವರ ಕೈಯಲ್ಲಿ ಒಂದು ಒಳ್ಳೆಯ ಸಾಧನ ಇದೆ: ದಾಖಲೆ. ಒಂದು ತಾಣ ತೆರೆಯದಿದ್ದಾಗ 'ಬ್ಲಾಕ್' ಅಂತ ಫಾರ್ವರ್ಡ್ ಮಾಡುವ ಮುಂಚೆ ಮೇಲಿನ ಐದು ಹೆಜ್ಜೆ ನಡೆಯಿರಿ. ದಿನಾಂಕ, ಸಮಯ, ಇಂಟರ್ನೆಟ್ ಕಂಪನಿ, ಡಿಗ್‌ನ ಪೂರ್ತಿ ಉತ್ತರ ಉಳಿಸಿಡಿ. ಬೇರೆ ಕಂಪನಿಯ ಸಂಪರ್ಕ ಇರುವ ಗೆಳೆಯರಿಂದಲೂ ಅದನ್ನೇ ಮಾಡಿಸಿ. ಓನಿ ಎಂಬ ಮುಕ್ತ ಯೋಜನೆಯ ಆ್ಯಪ್ ಇದೇ ಪರೀಕ್ಷೆಯನ್ನು ತಾನೇ ಮಾಡಿ ಫಲಿತಾಂಶವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತೆ. ಎಲ್ಲರಿಗೂ ಕಾಣುತ್ತೆ ಅನ್ನೋದು ನೆನಪಿಟ್ಟುಕೊಂಡು ಬಳಸಿ. ಆದೇಶ ಗೋಪ್ಯವಾಗಿರಬಹುದು, ಅದರ ಪರಿಣಾಮ ಗೋಪ್ಯವಲ್ಲ. ಅದು ನಿಮ್ಮ ಟರ್ಮಿನಲ್ಲಿನಲ್ಲಿ ಸಮಯದ ಸಮೇತ ಕೂತಿರುತ್ತೆ. ಆರ್‌ಟಿಐ ಅರ್ಜಿಗಾಗಲಿ, ವರದಿಗಾಗಲಿ, ರಿಟ್ ಅರ್ಜಿಗಾಗಲಿ ಮೊದಲ ಪುಟ ಅದೇ.